ಮೆಟ್ಟಿಲು ಕೂಗುವವಳ ತಂಬಿಗೆ

ನಮ್ಮ ಊರಿನ ಮೆಟ್ಟಿಲುಗಳು ಇನ್ನೂರ ಹನ್ನೆರಡು. ಈ ಲೆಕ್ಕ ಒಂದು ದಿನವೂ ತಪ್ಪಿಲ್ಲ. ತಪ್ಪುವುದು ಅವುಗಳ ಎತ್ತರ. ನಿನ್ನೆ ಗೇಣುದ್ದ ಇದ್ದದ್ದು ಇವತ್ತು ಮೊಣಕಾಲಿನವರೆಗೆ ಬೆಳೆದಿರಬಹುದು, ನಾಳೆ ನಾಲ್ಕು ಬೆರಳಿಗೆ ಕುಸಿದಿರಬಹುದು. ಬೆಳಕು ಹರಿಯುವ ಮುಂಚೆಯೇ ಅವು ತಮ್ಮತಮ್ಮಲ್ಲಿ ಏನೋ ತೀರ್ಮಾನ ಮಾಡಿಕೊಂಡು ಸುಮ್ಮನೆ ಕೂತಿರುತ್ತವೆ. ಯಾಕೆ ಹೀಗೆ ಎಂದು ಪರವೂರಿನಿಂದ ಬಂದವರು ಕೇಳುತ್ತಾರೆ. ನಾವು ಅವರಿಗೆ ಚಹಾ ಕೊಟ್ಟು, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ ಎನ್ನುತ್ತೇವೆ. ಮನೆಗಳೆಲ್ಲ ಮೇಲಿನ ಓಣಿಯಲ್ಲಿ, ಪೇಟೆ, ಶಾಲೆ, ಬಸ್ಸು ಎಲ್ಲ ಕೆಳಗೆ. ಇಳಿಯದೆ ಯಾರಿಗೂ ಗತಿಯಿಲ್ಲ.

ಅದಕ್ಕೇ ನಮ್ಮಲ್ಲಿ ಮೆಟ್ಟಿಲು ಕೂಗುವವರು ಎಂದು ಒಬ್ಬರು ಇರುತ್ತಾರೆ. ಇಪ್ಪತ್ತೊಂದು ವರ್ಷದಿಂದ ಅದು ನಾನೇ, ನೀಲಗಂಗವ್ವ. ಸೊಂಟಕ್ಕೆ ಸುಣ್ಣದ ಡಬ್ಬಿ ಕಟ್ಟಿಕೊಂಡು, ಬಲಗೈಯಲ್ಲಿ ಕುಂಚ, ಎಡಗೈಯಲ್ಲಿ ಗಂಟೆ ಹಿಡಿದು ಊರಿಗೆಲ್ಲ ಮೊದಲು ಇಳಿಯುವುದು ನನ್ನ ಕೆಲಸ. ಗಿಡ್ಡ ಮೆಟ್ಟಿಲಿಗೆ ಒಂದು ಗೆರೆ, ಎತ್ತರದ್ದಕ್ಕೆ ಎರಡು, ಸರಿಯಾಗಿದ್ದದ್ದಕ್ಕೆ ಗೆರೆಯಿಲ್ಲ. ಎಳೆದಂತೆಲ್ಲ ಕೂಗುತ್ತಲೂ ಹೋಗಬೇಕು, ಕಣ್ಣು ಮಂಜಾದ ಮುದುಕರಿಗೆ ಕೇಳಲಿ ಎಂದು. ನಾನು ಅಳತೆಕೋಲು ಮುಟ್ಟಿದವಳಲ್ಲ. ಮೇಲೆ ನಿಂತು ಕೆಳಗಿನ ಮೆಟ್ಟಿಲನ್ನು ನೋಡಿದರೆ ಸಾಕು, ಒಂಬತ್ತು ಬೆರಳೋ ಹನ್ನೊಂದು ಬೆರಳೋ ಎಂದು ಹೇಳುತ್ತಿದ್ದೆ. ಜಂಬ ಎಂದರೆ ಜಂಬವೇ. ಇದ್ದ ಒಂದು ವಿದ್ಯೆಗೆ ಜಂಬಪಡದೆ ಇನ್ಯಾವುದಕ್ಕೆ ಪಡಲಿ?

ಹೋದ ವರ್ಷ ಎಡಗಣ್ಣಿನ ಮೂಲೆಯಲ್ಲಿ ಮಸಿ ಹತ್ತಿದ ಹಾಗೆ ಕಾಣತೊಡಗಿತು. ಸುಣ್ಣ ಸಿಡಿದಿರಬೇಕೆಂದು ತಣ್ಣೀರು ಹಾಕಿ ತೊಳೆದೆ. ಮಸಿ ಹೋಗಲಿಲ್ಲ, ದಿನಕ್ಕಿಷ್ಟು ಬೆಳೆಯಿತು. ಬಸ್ಸು ಹತ್ತಿ ದೊಡ್ಡ ಊರಿನ ಕಣ್ಣಿನ ಆಸ್ಪತ್ರೆಗೆ ಹೋದರೆ, ಡಾಕ್ಟರು ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿ, ಕಣ್ಣಿನೊಳಗೆ ಗಡ್ಡೆ ಇದೆ, ಕ್ಯಾನ್ಸರು ಎಂದರು. ಕಣ್ಣಿಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಗದಿಗೆಪ್ಪ, ಓಣಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವವರು, ಕೇಳಿದ್ದು ಒಂದೇ ಮಾತು. "ಸುಣ್ಣದಿಂದ ಬಂತೇನ್ರೀ ಸಾಹೇಬ್ರ?" ಅಲ್ಲ ಎಂದರು ಡಾಕ್ಟರು. ಗಡ್ಡೆ ದೊಡ್ಡದಾಗಿದ್ದರಿಂದ ಕಣ್ಣು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ತೆಗೆದರು.

ಗಾಯ ಮಾಯ್ದ ಮೇಲೆ ಕೃತಕ ಕಣ್ಣು ಮಾಡಿಸಲು ಹೋದೆ. ಅದನ್ನು ಮಾಡುವವನು ಸಣ್ಣ ಕುಂಚ ಹಿಡಿದು, ನನ್ನ ಬಲಗಣ್ಣನ್ನು ನೋಡಿ ನೋಡಿ ಅದರ ಬಣ್ಣ ಇಳಿಸಿಕೊಂಡ. ಎರಡು ತಾಸು ನೋಡಿದ. ಮದುವೆಯಾದ ಹೊಸತರಲ್ಲೂ ನನ್ನ ಕಣ್ಣನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಗದಿಗೆಪ್ಪನವರಿಗೆ ಹಾಗೆಂದೆ. ಅವರು ನಾಚಿಕೊಂಡು ಹೊರಗೆ ಹೋಗಿ ನಿಂತರು. ಕಣ್ಣು ಚೆನ್ನಾಗಿ ಬಂದಿದೆ. ನೇರ ನೋಡಿದರೆ ಯಾವುದು ನನ್ನದು, ಯಾವುದು ಅವನದು ಎಂದು ಗೊತ್ತಾಗುವುದಿಲ್ಲ. ಪಕ್ಕಕ್ಕೆ ಹೊರಳಿಸಿದರೆ ಮಾತ್ರ ಅದು ಅರ್ಧ ದಾರಿಗೇ ನಿಂತುಬಿಡುತ್ತದೆ, ಸೋಮಾರಿ ಎತ್ತಿನ ಹಾಗೆ.

ಊರಿಗೆ ಬಂದ ಮೇಲೆ ನೋಡಬೇಕಿತ್ತು ನನ್ನ ಅವಸ್ಥೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಚಹಾ ಸೋಸಿದರೆ ಕಪ್ಪಿನ ಪಕ್ಕದಲ್ಲಿ ಬೀಳುತ್ತಿತ್ತು. ಎಡ ಭುಜ ದಿನಕ್ಕೆ ನಾಲ್ಕು ಸಲ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಎದೆ ಝಲ್ಲೆನ್ನುತ್ತಿತ್ತು. ಬಂದವರೆಲ್ಲ ಕೂತು, "ಕುರುಡುಗಣ್ಣಿಗಿಂತ ಮೆಳ್ಳಗಣ್ಣು ಲೇಸು" ಎಂದು ಗಾದೆ ಹೇಳಿ ಹೋಗುತ್ತಿದ್ದರು. ಮೆಳ್ಳಗಣ್ಣೂ ಅಲ್ಲ, ಕುರುಡೂ ಅಲ್ಲ, ನನ್ನದು ಬೇರೆಯೇ ಲೆಕ್ಕ ಎಂದು ಎಷ್ಟು ಮಂದಿಗೆ ಹೇಳಲಿ? ಇದರ ಮೇಲೆ ಆರು ತಿಂಗಳಿಗೊಮ್ಮೆ ಲಿವರಿನ ಸ್ಕ್ಯಾನು. ಈ ಜಾತಿಯ ಕಾಯಿಲೆ ಮರಳಿ ಬಂದರೆ ಬಹಳ ಮಟ್ಟಿಗೆ ಅಲ್ಲಿಗೇ ಬರುತ್ತದಂತೆ. ಕಣ್ಣಿಗೂ ಪಿತ್ತಕೋಶದ ನೆರೆಮನೆಗೂ ಏನು ಬೀಗತನವೋ ದೇವರೇ ಬಲ್ಲ. ನನಗೆ ಹೆದರಿಕೆಯಾಗುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಸಿಸ್ಟರ್ ಜಾಸಿಂತಾ ಫೋನು ಮಾಡುತ್ತಾರೆ. ಅವರ ಹತ್ತಿರ ಒಂದು ಫಾರ್ಮು. ಚಹಾ, ನೀರು ಸುರಿಯುವಾಗ ತೊಂದರೆಯೇ, ಮೆಟ್ಟಿಲು ಇಳಿಯುವಾಗ ತೊಂದರೆಯೇ, ಜನ ನೋಡಿದರೆ ಮುಜುಗರವೇ, ಕಾಯಿಲೆ ಮರಳೀತೆಂಬ ಚಿಂತೆ ಎಷ್ಟು. ಕೊನೆಗೆ, "ಒಟ್ಟಾರೆ ಜೀವನ ಹೇಗಿದೆ ಅಮ್ಮಾ, ಸೊನ್ನೆಯಿಂದ ಹತ್ತರೊಳಗೆ?" ನಾನು ಪ್ರತಿ ಸಲ ಐದು ಎನ್ನುತ್ತಿದ್ದೆ. ಕಡಿಮೆ ಹೇಳಿದರೆ ಸಮಾಧಾನ ಮಾಡಲು ಇನ್ನೊಬ್ಬರನ್ನು ಫೋನಿಗೆ ಕರೆಯುತ್ತಾರೆ, ಹೆಚ್ಚು ಹೇಳಿದರೆ ನನಗೇ ನಂಬಿಕೆಯಿಲ್ಲ. ಐದು ಅಂದರೆ ಯಾರೂ ಏನೂ ಕೇಳುವುದಿಲ್ಲ.

ದಾರಿ ತೋರಿಸಿದ್ದು ನಮ್ಮ ಹಿತ್ತಲಿನ ಕೋಳಿ. ಒಂದು ಮಧ್ಯಾಹ್ನ ಅದು ಕಾಳು ಹೆಕ್ಕುವ ಮುಂಚೆ ತಲೆಯನ್ನು ಅತ್ತಿತ್ತ, ಹಿಂದೆ ಮುಂದೆ ಆಡಿಸುವುದನ್ನು ನೋಡುತ್ತ ಕೂತಿದ್ದೆ. ನಾನೂ ಆಡಿಸಿದೆ. ತಲೆ ಅಲುಗಿದಾಗ ಹತ್ತಿರದ ಕಲ್ಲು ಬೇಗ ಸರಿಯುತ್ತದೆ, ದೂರದ ಕಲ್ಲು ನಿಧಾನ. ಅಷ್ಟೇ ಗುಟ್ಟು! ಅಂದಿನಿಂದ ಚೊಂಬು, ಚಮಚ, ಒಲೆ, ಹೊಸ್ತಿಲು, ಎಲ್ಲದರ ಮುಂದೆ ಕೋಳಿಯ ಹಾಗೆ ತಲೆ ಆಡಿಸುತ್ತ ನಿಂತೆ. ಸೋಸುವಾಗ ಪಾತ್ರೆಯ ಅಂಚನ್ನು ಕಪ್ಪಿಗೆ ತಾಗಿಸುವುದನ್ನು ಕಲಿತೆ. ಎರಡು ತಿಂಗಳಲ್ಲಿ ಚಹಾ ಎಲ್ಲ ಕಪ್ಪಿಗೇ ಬೀಳತೊಡಗಿತು.

ಆ ಧೈರ್ಯದ ಮೇಲೆ, ಮನೆಯಲ್ಲಿ ಮೊದಲೇ ಹೇಳಿ, ಒಂದು ಬೆಳಿಗ್ಗೆ ಮೆಟ್ಟಿಲ ಕಡೆ ಹೋದೆ. ನಾನಿಲ್ಲದಾಗ ನನ್ನ ನಾದಿನಿ, ಗದಿಗೆಪ್ಪನವರ ತಂಗಿ ನಾಗಲಿಂಗವ್ವ, ಗಂಟೆ ಹಿಡಿದಿದ್ದಳು. ನೋಡಿದರೆ ಅಂದು ಪ್ರತಿ ಮೆಟ್ಟಿಲ ಮೇಲೂ ಎರಡು ಗೆರೆ. ಗುಡ್ಡಕ್ಕೇ ಸಿಟ್ಟು ಬಂದಿದೆ ಎಂದುಕೊಂಡೆ. ತಲೆ ಆಡಿಸಿ ನೋಡಿದೆ. ಮೂರನೆಯದು ನನಗೆ ಗಿಡ್ಡವಾಗಿ ಕಂಡಿತು, ಆರು ಬೆರಳು. ಆದರೆ ಗೆರೆ ಎರಡಿದೆಯಲ್ಲ? ಕಾಲನ್ನು ಆಳಕ್ಕೆ ಬಿಟ್ಟೆ. ನೆಲ ಮೊದಲೇ ಬಂದು ಹಿಮ್ಮಡಿಗೆ ಬಡಿದು ಹಲ್ಲು ಕಟಕ್ಕೆಂದಿತು. ಆದರೂ ಬಂದ ಮೊದಲ ಯೋಚನೆ, ಗೆರೆ ತಪ್ಪಿದೆ ಎಂದಲ್ಲ. ಕಾಲೇ ತಪ್ಪಿ ಇಟ್ಟೆನೇನೋ, ಉಳಿದ ಕಣ್ಣೂ ಕೆಟ್ಟಿತೇನೋ ಎಂದು. ಇಪ್ಪತ್ತೊಂದು ವರ್ಷ ಗೆರೆ ಎಳೆದವಳಿಗೆ ಗೆರೆ ಸುಳ್ಳಾಡೀತೆಂದು ಹೊಳೆಯುವುದಿಲ್ಲ. ಐದು ದಿನ ಹೋದೆ, ಐದು ದಿನವೂ ಎಲ್ಲ ಕಡೆ ಎರಡೇ ಗೆರೆ, ಐದು ದಿನವೂ ನನ್ನ ಕಣ್ಣು ಬೇರೆ ಹೇಳಿತು. ಆರನೇ ದಿನ ಹೋಗಲಿಲ್ಲ. ಹಾಸಿಗೆಯಲ್ಲೇ ಮುಖ ಗೋಡೆಗೆ ಮಾಡಿ ಮಲಗಿದೆ. ಎಡಗಣ್ಣು ತೆಗೆದ ದಿನ ನಾನು ಅತ್ತಿರಲಿಲ್ಲ, ಅಂದು ಅತ್ತೆ.

ಅದೇ ದಿನ ಹಾಲಿನ ದುರಗವ್ವ ಬಿದ್ದಳು. ಮಧ್ಯಾಹ್ನ ಮುಂಗೈಗೆ ಪ್ಲಾಸ್ಟರು ಹಾಕಿಸಿಕೊಂಡು ನೇರ ನಮ್ಮ ಮನೆಗೇ ಬಂದಳು. ಅವಳ ಬಾಯಿ ಊರಿಗೆಲ್ಲ ಗೊತ್ತು.

"ಯಕ್ಕಾ, ನೀ ಏಳು ಮೊದಲ" ಎಂದಳು. "ನಿನ್ನ ಸಲುವಾಗಿ ಓಣಿ ಮಂದಿಯೆಲ್ಲ ಕುಂಟಾಕ್ಹತ್ಯಾರ. ಇನ್ನ ನನ್ನ ಕೈಲಿ ಆಗೂದಿಲ್ಲ."

"ನನ್ನ ಸಲುವಾಗಿ ಯಾಕ?"

"ಯಾಕಂದ್ರ? ನಿಮ್ಮ ಮನಿಯವರು ನಾಗಲಿಂಗಿಗೆ ಹೇಳಿ ಎಲ್ಲಾ ಮೆಟ್ಟಿಲಿಗೂ ಎರಡೆರಡು ಗೆರಿ ಎಳಸ್ಯಾರ. ಎಲ್ಲಾ ಎತ್ತರ ಅಂತ ತಿಳದ್ರ ನೀ ಹುಷಾರಾಗಿ ಇಳೀತಿ ಅಂತ. ಓಣ್ಯಾಗ ಎಲ್ಲಾರಿಗೂ ಕೈ ಮುಗದು ಹೇಳ್ಯಾರ, ಆಕಿಗೆ ಗೊತ್ತಾಗಬಾರದು ಅಂತ. ನಾವೂ ಹೂಂ ಅಂದ್ವಿ. ಗೆರಿ ನಂಬಲಾರದ ಕಾಲಲೆ ತಡವರಿಸಿಕೋತ ಇಳದ್ವಿ. ನಾ ಇವತ್ತ ಮರತು ನಂಬಿದೆ, ಬಿದ್ದೆ."

ನಾನು ಎದ್ದು ಕೂತೆ. ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ದುರಗವ್ವನ ಕೈ ಮುರಿದಿರುವಾಗ ಸಂತೋಷಪಡಬಾರದು, ಆದರೂ ಪಟ್ಟೆ. "ಹಂಗಾದ್ರ ಮೊದಲನೇ ದಿನ ಆ ಮೂರನೇ ಮೆಟ್ಟಿಲು ಆರ ಬೆರಳು ಇತ್ತು ಹೌದಿಲ್ಲೋ?" ಎಂದೆ. "ಯಾವಾಕಿಗೆ ನೆನಪೈತಿ? ಗಿಡ್ಡ ಅಂತೂ ಇತ್ತು" ಎಂದಳು. ನನ್ನ ಕಣ್ಣು ಸರಿಯಾಗಿತ್ತು. ಆಮೇಲೆ ಬಂತು ಸಿಟ್ಟು.

ಗದಿಗೆಪ್ಪನವರು ಊಟಕ್ಕೆ ಬಂದಾಗ ತಟ್ಟೆ ಇಡದೆ ಕೇಳಿದೆ. ಅವರು ಸುಳ್ಳು ಹೇಳುವ ಜಾತಿಯಲ್ಲ. ತಲೆ ತಗ್ಗಿಸಿದರು.

"ನೀ ಬಿದ್ದೀ ಅಂದ್ರ ನಾ ಏನ ಮಾಡ್ಲಿ?" ಎಂದರು.

"ನೀವು ಐದು ದಿನ ನನ್ನ ಬೀಳಿಸೀರಿ. ಮೆಟ್ಟಿಲ ಮ್ಯಾಲಲ್ಲ, ಇಲ್ಲೆ" ಎಂದು ಎದೆ ಮುಟ್ಟಿ ತೋರಿಸಿದೆ. "ಇದ್ದ ಒಂದು ಕಣ್ಣಿನ ಮ್ಯಾಲಿನ ನಂಬಿಕಿ ಕಸಗೊಂಡ್ರಿ. ಎಲ್ಲಾದಕ್ಕೂ ಗೆರಿ ಎಳದ್ರ ಗೆರಿ ಯಾಕ ಬೇಕ್ರೀ?"

ಬಾಗಿಲಲ್ಲಿ ನಿಂತಿದ್ದ ನಾಗಲಿಂಗವ್ವ ಮೂಗು ಸೇದುತ್ತ, "ವೈನಿ, ನಂದೂ ತಪ್ಪು. ಗಂಟಿ ನೀವ ಇಟಗೋರಿ" ಎಂದಳು. ಗಂಟೆ ಅವಳು ಕೊಟ್ಟ ಮಾತ್ರಕ್ಕೆ ಬರುವುದಿಲ್ಲ. ನೂರು ದಿನ ಕೆಲಸ ಬಿಟ್ಟವರು ತಂಬಿಗೆ ನಡಿಗೆ ನಡೆಯಬೇಕು. ಎಡಗೈಯಲ್ಲಿ ಗಂಟೆಯ ಬದಲು ಕಂಠಮಟ ನೀರು ತುಂಬಿದ ತಂಬಿಗೆ, ಬಲಗೈಯಲ್ಲಿ ಕುಂಚ. ಗೆರೆ ಎಳೆಯುತ್ತ, ಕೂಗುತ್ತ ಇನ್ನೂರ ಹನ್ನೆರಡೂ ಇಳಿಯಬೇಕು. ಹನಿ ಚೆಲ್ಲಬಾರದು, ಗೆರೆ ತಪ್ಪಬಾರದು. ಚೆಲ್ಲಿದರೆ ಮರುದಿನ ಮತ್ತೆ ನಡೆಯಬಹುದು, ಹೀಗೆ ಏಳು ಸಲ. ಏಳೂ ಚೆಲ್ಲಿದರೆ ಗಂಟೆ ಬೇರೆಯವರಿಗೆ, ಕಾಯಂ ಆಗಿ. ಆದರೆ ನನಗೆ ತಿಳಿದ ಹಾಗೆ ಯಾರೂ ಎರಡನೇ ಸಲ ನಡೆದದ್ದಿಲ್ಲ. ಮೊದಲ ಸಲ ಚೆಲ್ಲಿದವರು ನಾಚಿಕೆಯಿಂದ ಗಂಟೆ ಬಿಟ್ಟುಕೊಡುತ್ತಾರೆ.

"ಸೋಮವಾರ ಇಳೀತೀನಿ" ಎಂದೆ.

ಸೋಮವಾರ ಓಣಿಯೆಲ್ಲ ಎದ್ದು ಬಂದು ಎರಡೂ ಕಡೆ ಕಟ್ಟೆಗಳ ಮೇಲೆ ನಿಂತಿತ್ತು. ನಡಿಗೆ ನೋಡುವುದು ಓಣಿಯ ಹಿರಿಯ ಶಿದ್ಲಿಂಗಪ್ಪ ಕಾಕಾನ ಕೆಲಸ. ಅವನೇ ತಂಬಿಗೆ ತುಂಬಿ ನನ್ನ ಕೈಗಿಟ್ಟ. ಮೊದಲ ಮೆಟ್ಟಿಲ ಮೇಲೆ ನಿಂತು ತಲೆಯನ್ನು ಅತ್ತಿತ್ತ ಆಡಿಸಿದೆ. ಯಾರೋ ಕಿಸಕ್ಕೆಂದರು. "ನಗಬ್ಯಾಡ್ರಿ, ಕೋಳಿ ಇಳೀಲಿಕ್ಹತ್ತೈತಿ" ಎಂದಳು ದುರಗವ್ವ. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಮುಗಿಯುವವರೆಗೆ ಕಾದು, "ಒಂದನೇದು ಸರಿ!" ಎಂದು ಕೂಗಿದೆ. ಎಷ್ಟು ದಿನವಾಗಿತ್ತು ಆ ಕೂಗು ನನ್ನ ಗಂಟಲಿನಿಂದ ಹೊರಟು. ಗುಡ್ಡ ಅದನ್ನು ತಿರುಗಿ ಕೂಗಿತು.

ಎರಡನೆಯದು ಎತ್ತರ. ಮೂರು ನಾಲ್ಕು ಗಿಡ್ಡ. ಐವತ್ತು, ಅರವತ್ತು, ನೂರು. ತಲೆ ಆಡಿಸಿ, ಕಲ್ಲು ಸರಿಯುವುದನ್ನು ನೋಡಿ, ಗೋಡೆಯ ನೆರಳನ್ನೂ ಒಮ್ಮೆ ವಿಚಾರಿಸಿ, ಆಮೇಲೆ ಕಾಲು. ಮೊದಲಿಗಿಂತ ನಿಧಾನ, ಆದರೆ ಒಂದು ಗೆರೆಯೂ ತಪ್ಪಲಿಲ್ಲ. ನೂರ ನಲವತ್ತೊಂದನೆಯದರಲ್ಲಿ ಎಡ ಮೊಣಕೈಗೆ ಏನೋ ಮೆತ್ತಗೆ ತಾಗಿತು. ಬೆಚ್ಚಿಬಿದ್ದೆ. ತಿರುಗಿ ನೋಡಿದರೆ ಗದಿಗೆಪ್ಪನವರು, ಎರಡೂ ಕೈ ಚಾಚಿಕೊಂಡು, ನಾನು ಬಿದ್ದರೆ ಹಿಡಿಯಲು. ಮೇಲಿನಿಂದಲೂ ಹಾಗೇ ನನ್ನ ಕಾಣದ ಕಡೆಯಲ್ಲಿ ಬಂದಿದ್ದರೆಂದು ಕಾಣುತ್ತದೆ. ನಾನು ಮುಂದೆ ತಿರುಗಿ ಉಳಿದ ಮೆಟ್ಟಿಲು ಇಳಿದೆ.

ನನ್ನ ಹಿಂದೆಯೇ ಇಳಿದು ಬಂದ ಶಿದ್ಲಿಂಗಪ್ಪ ಕಾಕಾ ಕೆಳಗೆ ತಂಬಿಗೆಯೊಳಗೆ ಬಗ್ಗಿ ನೋಡಿ, ಗಟ್ಟಿಯಾಗಿ, "ಒಂದ ಹನಿ ಸೈತ ಚೆಲ್ಲಿಲ್ಲ!" ಎಂದ. ಜನ ಹೋ ಎಂದರು. ಹಾಗೆನ್ನುವಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ. ಬಸ್ಸಿನ ಕಡೆ ನೋಡಿದರು, ಆಕಾಶ ನೋಡಿದರು, ನಾಗಲಿಂಗವ್ವ ತನ್ನ ಉಗುರು ನೋಡಿಕೊಂಡಳು. ಕಟ್ಟೆಗಳ ಮೇಲೆ ಅಷ್ಟು ಕಣ್ಣುಗಳಿದ್ದವು, ಒಬ್ಬೊಬ್ಬರಿಗೆ ಎರಡೆರಡು. ನನಗೆ ಎಡಗಡೆ ಕಾಣುವುದಿಲ್ಲ, ನಿಜ. ಆದರೆ ಎಡಗಾಲು ನನ್ನದೇ ತಾನೆ?

ಗಂಟೆ ಆಗಲೇ ಕಾಕಾನ ಕೈಯಲ್ಲಿತ್ತು. ಕೈ ಚಾಚಿದರೆ ನನ್ನದು. ಚಾಚಬೇಕೆಂದು ಅನ್ನಿಸಲಿಲ್ಲವೆಂದರೆ ಸುಳ್ಳಾದೀತು. ಆ ಹಿತ್ತಾಳೆಯ ತಂಪು ಅಂಗೈಗೆ ನೆನಪಿತ್ತು. ಆದರೆ ಚಾಚಿದ್ದರೆ ನಾಳೆಯಿಂದ ನಾನು ಎಳೆದ ಗೆರೆಯನ್ನೂ ಅವರು ಹೀಗೇ ಆಕಾಶ ನೋಡುತ್ತ ದಾಟುತ್ತಿದ್ದರು. ಪಾಪ ನೀಲಗಂಗವ್ವನ ಗೆರೆ, ಇರಲಿ ಬಿಡು, ಕಾಲಲ್ಲಿ ತಡವರಿಸಿ ಇಳಿಯೋಣ ಎಂದು.

"ಕಾಕಾ, ಚೆಲ್ಲೇದ" ಎಂದೆ. "ನನ್ನ ಎಡಗಾಲು ಒದ್ದಿ ಆಗೇದ ನೋಡ್ರಿ."

"ಇಲ್ಲವಾ ತಂಗಿ, ಅದು ಇಬ್ಬನಿ ಇದ್ದೀತು."

"ಇಬ್ಬನಿ ಒಂದ ಕಾಲಿಗೆ ಬೀಳ್ತದೇನ್ರೀ?"

ಜನ ಈಗ ನನ್ನ ಕಡೆ ನೋಡಿದರು. ಗದಿಗೆಪ್ಪನವರು ಮುಂದೆ ಬಂದು, "ತಪ್ಪು ನಂದು. ನಾ ಕೈ ತಾಗಿಸಿದೆ, ಆಕೀದಲ್ಲ. ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದರು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಆದರೂ ಎಲ್ಲರ ಮುಂದೆ ಹೇಳಬೇಕಾದದ್ದನ್ನು ಹೇಳಿದೆ.

"ಹಿಡೀರಿ. ತಂಬಗಿ ನನ್ನ ಕೈಯಾಗಿತ್ತು. ನಾಳೆ ಮತ್ತ ಇಳೀತೀನಿ. ನೀವು ನನ್ನ ಎಡಕ್ಕ ಬರಬ್ಯಾಡ್ರಿ. ಇಲ್ಲೇ ಕೆಳಗ, ಎದುರಿಗೆ ನಿಂದರ್ರಿ, ನನಗ ಕಾಣೂ ಹಂಗ. ಬಿದ್ರ, ನಾ ಎದ್ದ ಮ್ಯಾಲೆ ಬರ್ರಿ."

ಎರಡನೇ ಸಲ ನಡೆಯುವವಳು ನಾನೇ ಮೊದಲಾದೆ. ಮಂಗಳವಾರ ಒಂಬತ್ತನೇ ಮೆಟ್ಟಿಲಿಗೇ ಅರ್ಧ ತಂಬಿಗೆ ಚೆಲ್ಲಿದೆ. ಅದು ಶುದ್ಧ ಜಂಬದಿಂದ, ತಲೆ ಆಡಿಸದೆ ಕಾಲಿಟ್ಟದ್ದಕ್ಕೆ. ಬುಧವಾರ ಗಾಳಿ ಬೀಸುತ್ತಿತ್ತು, ಸೆರಗು ಕೈಗೆ ಸುತ್ತಿಕೊಂಡಿತು. ಗುರುವಾರ ನೋಡುವವರು ಕಡಿಮೆಯಾದರು. ಮೂರೇ ಮೂರು ಹನಿ ಬಿತ್ತು, ಕಾಕಾ ಈ ಸಲ ತಾನೇ ಎಣಿಸಿ ಹೇಳಿದ. ಅದಕ್ಕಾಗಿ ಅವನ ಕಾಲಿಗೆ ಬೀಳಬೇಕೆನಿಸಿತು. ಶುಕ್ರವಾರ ಇನ್ನೂರನೇ ಮೆಟ್ಟಿಲ ತನಕ ಒದ್ದೆಯಾಗದ ಕಾಲಲ್ಲಿ ಬಂದು, ಇನ್ನೇನು ಮುಗಿಯಿತೆಂದು ಹಿಗ್ಗಿ ಚೆಲ್ಲಿದೆ. ಒಂದು ಮಾತು ಹೇಳಲೇಬೇಕು. ಅಷ್ಟು ದಿನವೂ ತಂಬಿಗೆ ಸೋತಿತೇ ಹೊರತು ಗೆರೆ ಸೋಲಲಿಲ್ಲ. ನಾನು ಎಳೆದ ಗೆರೆಯ ಮೇಲೆ ಇಡೀ ಓಣಿ ದಡದಡ ಇಳಿದು ಪೇಟೆಗೆ ಹೋಯಿತು. ಕಾಲಲ್ಲಿ ತಡವರಿಸುವುದನ್ನು ಯಾವ ದಿನ ಬಿಟ್ಟರೋ ಅವರಿಗೂ ಗೊತ್ತಾಗಲಿಲ್ಲ.

ಶನಿವಾರ ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ಗೋಡೆ ಹಿಡಿದು ಮೊದಲೇ ಇಳಿದಿದ್ದ ಕಾಕಾ ಬೇವಿನ ಕಡ್ಡಿ ಕಡಿಯುತ್ತ ಕೆಳಗೆ ಕೂತಿದ್ದ. ಅವನ ಪಕ್ಕದಲ್ಲಿ ಗದಿಗೆಪ್ಪನವರು, ಇಡೀ ವಾರ ನಿಂತಂತೆಯೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನಗಿಂತ ಮೇಲೆ, ಹಾಲಿನ ಕ್ಯಾನು ಒಂದೇ ಕೈಯಲ್ಲಿ ಹಿಡಿದ ದುರಗವ್ವ. "ಯಕ್ಕಾ, ನಿನ್ನ ನೀರು ಆಮ್ಯಾಲೆ. ನನ್ನ ಹಾಲು ಒಡೀತಾವು, ಲಗೂನ ಕೂಗು" ಎಂದು ಬೆನ್ನು ಹತ್ತಿದ್ದಳು. ಅವಳಿಗೆ ಬೈಯುತ್ತ, ತಲೆ ಆಡಿಸುತ್ತ, ಕೂಗುತ್ತ, ಗೆರೆ ಎಳೆಯುತ್ತ ಇಳಿದೆ. ಇನ್ನೂರ ಹನ್ನೆರಡನೆಯದು ಎತ್ತರವಿತ್ತು, ಹದಿಮೂರು ಬೆರಳು. ಎರಡು ಗೆರೆ ಎಳೆದು ನೆಲಕ್ಕೆ ಕಾಲಿಟ್ಟ ಮೇಲೆ ತಂಬಿಗೆಯನ್ನು ಕಾಕಾನಿಗೆ ಕೊಟ್ಟು, ಬಗ್ಗಿ ಎಡಗಾಲನ್ನು ಮುಟ್ಟಿ ನೋಡಿಕೊಂಡೆ. ಒದ್ದೆಯಾಗಿರಲಿಲ್ಲ. ಕಾಕಾ ಬಾಯಿಂದ ಕಡ್ಡಿ ತೆಗೆದು ಗಂಟೆ ಕೊಟ್ಟ. ಕಣ್ಣೀರು ಬಂತು. ಒಂದು ವಿಷಯ ಆಗ ಗೊತ್ತಾಯಿತು, ಕೃತಕ ಕಣ್ಣಿನ ಕಡೆಯಿಂದಲೂ ಬರುತ್ತದೆ.

ಮಧ್ಯಾಹ್ನ ಸಿಸ್ಟರ್ ಜಾಸಿಂತಾ ಫೋನು ಮಾಡಿದರು. ಸುರಿಯುವುದು, ಇಳಿಯುವುದು, ಜನರ ನೋಟ, ಎಲ್ಲ ಕೇಳಿ ಆಯಿತು.

"ಒಟ್ಟಾರೆ ಜೀವನ, ಅಮ್ಮಾ? ಐದು ತಾನೆ?" ಎಂದರು.

"ಏಳು."

ಆ ಕಡೆ ಪೆನ್ನು ನಿಂತದ್ದು ನನಗೆ ಕೇಳಿಸಿತು. "ಏಳಾ?"

"ಉಳದ ಮೂರು ನಿಮ್ಮ ಸ್ಕ್ಯಾನಿಗೆ ಇಟ್ಟೇನಿ. ಮುಂದಿನ ತಿಂಗಳ ಬರ್ತೀನಲ್ಲ, ಅವಾಗ ನೋಡೂಣು."

ಅವರು ನಕ್ಕರು. ಈ ಸಲ ಫಾರ್ಮಿನಲ್ಲಿ ಇನ್ನೂ ಒಂದು ಪ್ರಶ್ನೆ ಸೇರಿಸಿದ್ದಾರಂತೆ. ಕಳೆದ ವಾರ ದಿನದ ಕೆಲಸಕ್ಕೆ ಯಾರದಾದರೂ ಸಹಾಯ ಬೇಕಾಯಿತೇ?

"ಬೇಕಾತು" ಎಂದೆ. "ನಮ್ಮ ಮನಿಯವರು ಮಾಡಿದ್ರು."

"ಒಳ್ಳೇದು. ಏನು ಸಹಾಯ ಮಾಡಿದರು ಅಂತ ಬರೆಯಲಿ?"

ಹೊರಗೆ ಅಂಗಡಿಯಲ್ಲಿ ಗದಿಗೆಪ್ಪನವರು ಅಂಗಿಗೆ ನೀರು ಚಿಮುಕಿಸುವ ಸದ್ದು ಬರುತ್ತಿತ್ತು. ಅವರಿಗೂ ಕೇಳಲಿ ಎಂದು ಮೆಟ್ಟಿಲು ಕೂಗುವ ದನಿಯಲ್ಲೇ ಹೇಳಿದೆ.

"ಆರು ದಿನದಾಗ ಐದು ದಿನ, ನನಗ ಕಾಣೂ ಹಂಗ ಎದುರಿಗೆ ಕೈ ಹಿಂದ ಕಟಗೊಂಡ ನಿಂತಿದ್ರು ಅಂತ ಬರೀರಿ."